ಮೀನಿಗಿಂತ ಮೊದಲು ಮೀನಿನ ಮೇವು ಬೆಳೆಯಿರಿ

ಕಣ್ಣಿಗೆ ಕಾಣದ ನೀರುಹುಳುಗಳೇ ಎಳೆಮರಿಗಳ ತಾಯಿಹಾಲು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆ ಹೊಲಗಳಲ್ಲಿ ಇಂದು ಕೃಷಿ ಹೊಂಡಗಳು ಅಲ್ಲಲ್ಲಿ ಕಾಣಸಿಗುತ್ತವೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಇವುಗಳ ಸಂಖ್ಯೆ ಹೆಚ್ಚಿತು. ಮಳೆ ಕೈಕೊಟ್ಟಾಗ ತೊಗರಿಗೋ ಜೋಳಕ್ಕೋ ಒಂದು ನೀರು ಕೊಡಲೆಂದು ತೋಡಿದ ಹೊಂಡ ಇದು. ನೀರು ಹೇಗೂ ನಾಲ್ಕಾರು ತಿಂಗಳು ನಿಲ್ಲುತ್ತದೆ, ಅದರಲ್ಲಿ ಮೀನನ್ನೂ ಏಕೆ ಸಾಕಬಾರದು ಎಂಬ ಯೋಚನೆ ರೈತನಿಗೆ ಬರುವುದು ಸಹಜ. ಯೋಚನೆ ಒಳ್ಳೆಯದೇ. ಆದರೆ ಹಲವು ಕಡೆ ಕಥೆ ಒಂದೇ ರೀತಿ ಮುಗಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸಾವಿರಾರು ಎಳೆಮರಿಗಳನ್ನು ತಂದು ಹೊಂಡಕ್ಕೆ ಬಿಡುತ್ತಾರೆ. ಮೂರು ವಾರ ಕಳೆದು ಬಲೆ ಎಳೆದಾಗ ಬಲೆಯಲ್ಲಿ ಹತ್ತಿಪ್ಪತ್ತು ಮರಿ, ಒಂದಿಷ್ಟು ಕಪ್ಪೆಗೊದ್ದ, ಉಳಿದದ್ದು ಕೆಸರು. "ಮರಿ ಖೋಟಾ ಇದ್ದವು" ಎಂದು ತಂದುಕೊಟ್ಟವನ ಮೇಲೆ ಸಿಟ್ಟು ಮಾಡಿ ರೈತ ಮೀನಿನ ಗೊಡವೆಯನ್ನೇ ಬಿಡುತ್ತಾನೆ.

ಮರಿ ಖೋಟಾ ಇರುವುದೂ ಉಂಟು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಮರಿಗಳು ಸಾಯುವುದು ಹಸಿವಿನಿಂದ. ಅವು ಸತ್ತದ್ದು ಮಾಲೀಕನ ಕಣ್ಣಿಗೆ ಬೀಳುವುದೂ ಇಲ್ಲ. ಅಕ್ಕಿಕಾಳಿನಷ್ಟು ಉದ್ದದ, ಗಾಜಿನಂತೆ ಪಾರದರ್ಶಕವಾದ ಮರಿ ಸತ್ತು ತಳ ಸೇರಿದರೆ ಯಾರಿಗೆ ತಿಳಿಯಬೇಕು? ಮರಿ ಬಿಡುವ ದಿನ ಹೊಂಡದಲ್ಲಿ ಅವುಗಳ ಬಾಯಿಗೆ ಹಿಡಿಸುವ ಜೀವಂತ ಮೇವು ಸಿದ್ಧವಾಗಿರಬೇಕು. ಮೀನು ಸಾಕಣೆಯ ಮೊದಲ ಪಾಠ ಇದು.

ಎಳೆಮರಿ ತಿನ್ನುವುದು ಏನು?

ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ನಮ್ಮ ಹೊಂಡಗಳಿಗೆ ಹೊಂದುವ ಮೀನುಗಳು. ಇವುಗಳ ಮೊಟ್ಟೆ ಒಡೆದು ಹೊರಬಂದ ಮರಿಯ ಹೊಟ್ಟೆಯ ಕೆಳಗೆ ಹಳದಿ ಚೀಲವೊಂದು ಇರುತ್ತದೆ. ಅದು ತಾಯಿ ಕಟ್ಟಿಕೊಟ್ಟ ಬುತ್ತಿ. ಮೊದಲ ಎರಡು ಮೂರು ದಿನ ಮರಿಗೆ ಅದೇ ಆಹಾರ. ಬುತ್ತಿ ಮುಗಿಯುವ ಹೊತ್ತಿಗೆ ಮರಿಯ ಬಾಯಿ ತೆರೆದಿರುತ್ತದೆ. ಮೀನುಮರಿ ಕೇಂದ್ರಗಳಿಂದ ಚೀಲದಲ್ಲಿ ತುಂಬಿ ಕೊಡುವುದು ಈ ವಯಸ್ಸಿನ, 6ರಿಂದ 8 ಮಿಲಿಮೀಟರ್ ಉದ್ದದ ಎಳೆಮರಿಗಳನ್ನು. ಎಂದರೆ ಅವು ನಿಮ್ಮ ಹೊಂಡ ತಲುಪುವಾಗ ಬುತ್ತಿ ಖಾಲಿಯಾಗಿ ಹಸಿದಿರುತ್ತವೆ.

ದೊಡ್ಡದಾದ ಮೇಲೆ ರೋಹು ಕೊಳೆತ ಸೊಪ್ಪುಸದೆ ತಿನ್ನಬಹುದು, ಮೃಗಾಲ್ ತಳದ ಕೆಸರಿನಲ್ಲಿ ಮೇಯಬಹುದು. ಎಳೆತನದಲ್ಲಿ ಇವೆಲ್ಲಕ್ಕೂ ಬೇಕಾದದ್ದು ಒಂದೇ, ನೀರಿನಲ್ಲಿ ಮಿಸುಕಾಡುವ ಸೂಕ್ಷ್ಮ ಜೀವಿಗಳು. ಇವುಗಳಿಗೆ ಪ್ರಾಣಿ ಪ್ಲವಕ ಎಂದು ಹೆಸರು. ಇವುಗಳಲ್ಲಿ ಮೂರು ಬಗೆಗಳನ್ನು ರೈತರು ತಿಳಿದಿರಬೇಕು.

ಮೊದಲನೆಯದು ರೋಟಿಫರ್. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಮೂರು ಭಾಗದಷ್ಟು ಗಾತ್ರ. ಬರಿಗಣ್ಣಿಗೆ ಧೂಳಿನಂತೆ ಕಂಡರೆ ಕಂಡೀತು. ಎಳೆಮರಿಯ ಬಾಯಿಗೆ ಸರಿಯಾಗಿ ಹಿಡಿಸುವ ಮೊದಲ ತುತ್ತು ಇದೇ.

ಎರಡನೆಯದು ನೀರಿನ ಚಿಗಟ. ಇದರಲ್ಲಿ ಮೊಯ್ನಾ ಎಂಬ ಸಣ್ಣ ಜಾತಿ, ಡಾಫ್ನಿಯಾ ಎಂಬ ತುಸು ದೊಡ್ಡ ಜಾತಿ ಇವೆ. ಗಾಜಿನ ಲೋಟದಲ್ಲಿ ನೀರು ತುಂಬಿ ಬಿಸಿಲಿಗೆ ಹಿಡಿದರೆ ಕುಪ್ಪಳಿಸುತ್ತಾ ಮೇಲಕ್ಕೂ ಕೆಳಕ್ಕೂ ಓಡಾಡುವ ಚುಕ್ಕೆಗಳೇ ಇವು. ಎರಡು ಮೂರು ದಿನ ಕಳೆದು ಮರಿಯ ಬಾಯಿ ದೊಡ್ಡದಾದಂತೆ ಇವು ಮುಖ್ಯ ಆಹಾರವಾಗುತ್ತವೆ.

ಮೂರನೆಯದು ಸೈಕ್ಲಾಪ್ಸ್. ಇದನ್ನು ನಮ್ಮ ಹಿರಿಯರು ಬಲ್ಲರು, ಹೆಸರಿನಿಂದಲ್ಲದಿದ್ದರೂ ಅದು ತಂದ ಸಂಕಟದಿಂದ. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಲ್ಲಿ ಉದ್ದನೆಯ ಹುಳು ಹೊರಡುತ್ತಿದ್ದ ನಾರುಹುಣ್ಣು ರೋಗ ಹರಡುತ್ತಿದ್ದುದು ಈ ಜೀವಿಯ ಮೂಲಕ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಆರೋಗ್ಯ ಇಲಾಖೆಯವರು ಊರೂರು ತಿರುಗಿ ಹೇಳಿದ್ದು ಇದಕ್ಕಾಗಿಯೇ. ಭಾರತದಲ್ಲಿ ಈ ರೋಗದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. ದೇಶ ಇದರಿಂದ ಮುಕ್ತವೆಂದು 2000ದಲ್ಲಿ ಪ್ರಮಾಣಪತ್ರ ದೊರೆಯಿತು. ಸೈಕ್ಲಾಪ್ಸ್ ಬೆಳೆದ ಮರಿಗೆ ಆಹಾರವಾದರೂ ತೀರ ಎಳೆಯ ಮರಿಗೆ ವೈರಿ. ಹಿಂಡುಹಿಂಡಾಗಿ ಇದ್ದರೆ ಮರಿಗಳನ್ನೇ ಕಚ್ಚಿ ಘಾಸಿ ಮಾಡುತ್ತದೆ.

ಹೊಂಡಕ್ಕೆ ಗೊಬ್ಬರ ಹಾಕಿದಾಗ ಈ ಮೂರೂ ಒಮ್ಮೆಲೇ ಹುಟ್ಟುವುದಿಲ್ಲ. ಮೊದಲು ಕಣ್ಣಿಗೆ ಕಾಣದ ಅಣುಜೀವಿಗಳು, ಅವುಗಳನ್ನು ತಿಂದು ರೋಟಿಫರ್, ಅನಂತರ ಮೊಯ್ನಾ, ತಡವಾಗಿ ಸೈಕ್ಲಾಪ್ಸ್ ಹೀಗೆ ಸರದಿಯಂತೆ ಬರುತ್ತವೆ. ಗೊಬ್ಬರ ಹಾಕಿದ ದಿನವೇ ಮರಿ ಬಿಟ್ಟರೆ ಊಟ ಇನ್ನೂ ಒಲೆಯ ಮೇಲಿರುತ್ತದೆ. ಬಹಳ ತಡ ಮಾಡಿದರೆ ಉಣ್ಣಬೇಕಾದ ಮರಿಯನ್ನೇ ಉಣ್ಣುವವರು ಪಂಕ್ತಿಯಲ್ಲಿ ಕುಳಿತಿರುತ್ತಾರೆ. ಎಳೆಮರಿ ಸಾಕುವವನ ಜಾಣ್ಮೆಯೆಲ್ಲ ಈ ಸರದಿಯನ್ನು ಹಿಡಿಯುವುದರಲ್ಲಿದೆ.

ಸಮುದ್ರದ ಮೀನು ಸಾಕುವವರ ಪಾಠ

ಮುಂಬೈಗೆ ದುಡಿಯಲು ಹೋದ ನಮ್ಮ ಕಡೆಯವರಲ್ಲಿ ಹಲವರು ಅಲ್ಲಿಯ ತಾರಾಪೋರವಾಲಾ ಮತ್ಸ್ಯಾಲಯದ ಹೆಸರು ಕೇಳಿದ್ದಾರು. 1951ರಲ್ಲಿ ಅದನ್ನು ತೆರೆಯಲಾಯಿತು. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಬಣ್ಣಬಣ್ಣದ ಕಡಲ ಮೀನು ಸಾಕುವ ಹವ್ಯಾಸ ಈಗ ದೊಡ್ಡ ಊರುಗಳ ಮನೆಗಳಿಗೂ ಬಂದಿದೆ. ಈ ಮೀನುಗಳಲ್ಲಿ ಕೆಲವು ಬಲು ಹಟಮಾರಿ. ಕಡಲ ಕುದುರೆಯ ಮುಂದೆ ಎಷ್ಟು ಬೆಲೆಯ ಒಣ ಆಹಾರ ಉದುರಿಸಿದರೂ ಸಾಮಾನ್ಯವಾಗಿ ಮೂಸಿ ನೋಡುವುದಿಲ್ಲ. ಎದುರಿಗೆ ಜೀವವಿರುವುದು ಅಲುಗಾಡಿದರೆ ಮಾತ್ರ ಬಾಯಿ ಹಾಕುತ್ತದೆ. ಕಿತ್ತಳೆ ಮೈಮೇಲೆ ಬಿಳಿ ಪಟ್ಟೆಯಿರುವ ಕ್ಲೌನ್ ಮೀನಿನ ಮರಿಗಳೂ ಹಾಗೆಯೇ.

ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಮಿಳುನಾಡಿನ ಮಂಡಪಂ ಮತ್ತು ಕೇರಳದ ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನನ್ನು ಮರಿ ಮಾಡಿಸಿದ್ದಾರೆ. ಅಲ್ಲಿ ಅನುಸರಿಸುವ ಕ್ರಮ ಹೀಗಿದೆ: ಮೊದಲು ತೊಟ್ಟಿಯಲ್ಲಿ ಹಸಿರು ಪಾಚಿಕಣಗಳನ್ನು ಬೆಳೆಸುವುದು, ಆ ಪಾಚಿಯನ್ನು ಉಣಿಸಿ ಉಪ್ಪುನೀರಿನ ರೋಟಿಫರ್ ಬೆಳೆಸುವುದು, ಹುಟ್ಟಿದ ಮೀನುಮರಿಗೆ ಮೊದಲ ದಿನಗಳಲ್ಲಿ ಆ ರೋಟಿಫರ್ ಕೊಡುವುದು. ಮರಿ ಸ್ವಲ್ಪ ಬೆಳೆದ ಮೇಲೆ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯ ಮರಿಯನ್ನು ಕೊಡುತ್ತಾರೆ. ಆರ್ಟೀಮಿಯಾ ಉಪ್ಪಿನ ಸರೋವರಗಳಲ್ಲಿ, ಉಪ್ಪಿನ ಗದ್ದೆಗಳಲ್ಲಿ ಹುಟ್ಟುವ ಜೀವಿ. ನೀರು ಒಣಗುವ ಕಾಲಕ್ಕೆ ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತದೆ. ಒಣಗಿದ ಈ ಮೊಟ್ಟೆ ರಾಗಿಗಿಂತಲೂ ಬಹಳ ಸಣ್ಣದು, ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಉಪ್ಪುನೀರಿಗೆ ಹಾಕಿ ಗಾಳಿ ಆಡಿಸಿದರೆ ಒಂದು, ಒಂದೂವರೆ ದಿನದೊಳಗೆ ಮರಿ ಹೊರಬರುತ್ತದೆ. ಅಮೆರಿಕದ ಯೂಟಾ ರಾಜ್ಯದ ದೊಡ್ಡ ಉಪ್ಪಿನ ಸರೋವರದಿಂದ ಇಂಥ ಮೊಟ್ಟೆಯನ್ನು ಸಂಗ್ರಹಿಸಿ, ಡಬ್ಬಿಗಳಲ್ಲಿ ತುಂಬಿ ಜಗತ್ತಿಗೆಲ್ಲ ಮಾರುತ್ತಾರೆ.

ಆರ್ಟೀಮಿಯಾ ಡಬ್ಬಿಯ ಆಸೆ ನಮಗೆ ಬೇಡ. ಅದು ದುಬಾರಿ. ಸಿಹಿನೀರಿನಲ್ಲಿ ಅದರ ಮರಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಕಡಲ ಮೀನಿನವರಿಂದ ನಾವು ಕಲಿಯಬೇಕಾದದ್ದು ಅವರ ಕ್ರಮವನ್ನು. ಅವರು ಮೀನಿನ ಮೊಟ್ಟೆ ಒಡೆಯುವ ಮೊದಲೇ ರೋಟಿಫರ್ ತೊಟ್ಟಿಯನ್ನು ಸಿದ್ಧವಾಗಿ ಇಟ್ಟಿರುತ್ತಾರೆ. ನಮ್ಮ ಸಿಹಿನೀರಿಗೆ ಬೇಕಾದ ರೋಟಿಫರ್ ಮತ್ತು ಮೊಯ್ನಾ ಬೆಳೆಸಲು ಪರದೇಶದ ಡಬ್ಬಿ ಬೇಕಿಲ್ಲ. ದನದ ಕೊಟ್ಟಿಗೆ ಮತ್ತು ಎಣ್ಣೆ ಗಾಣ ಇದ್ದರೆ ಸಾಕು.

ಎರೆ ಮಣ್ಣಿನ ಹೊಂಡದ ವಿಶೇಷ

ಆಳಂದ ತಾಲ್ಲೂಕಿನ ಕೊರಳ್ಳಿಯಲ್ಲಿ ಅಮರ್ಜಾ ಜಲಾಶಯವಿದೆ, ಅಫಜಲಪುರಕ್ಕೆ ಭೀಮೆಯೂ ಸೊನ್ನ ಬ್ಯಾರೇಜೂ ಇವೆ, ಜೇವರ್ಗಿಯ ಕೆಲವು ಭಾಗಕ್ಕೆ ಕೃಷ್ಣೆಯ ಕಾಲುವೆ ನೀರು ಬರುತ್ತದೆ. ನೀರಿನ ಮೂಲ ಬೇರೆಯಾದರೂ ಮಣ್ಣು ಬಹುಪಾಲು ಒಂದೇ, ಕಪ್ಪು ಎರೆ. ಈ ಮಣ್ಣಿಗೆ ಎರಡು ಗುಣಗಳಿವೆ.

ಒಂದು, ಅದು ಸಾಮಾನ್ಯವಾಗಿ ಕ್ಷಾರದ ಕಡೆಗೆ ಇರುತ್ತದೆ. ಆದುದರಿಂದ ಹುಳಿ ಮಣ್ಣಿನ ಮಲೆನಾಡಿಗೆ ಹೇಳಿದಷ್ಟು ಸುಣ್ಣ ಇಲ್ಲಿ ಬೇಕಾಗುವುದಿಲ್ಲ. ಮಣ್ಣು, ನೀರು ಪರೀಕ್ಷೆ ಮಾಡಿಸಿಯೇ ಸುಣ್ಣದ ಪ್ರಮಾಣ ನಿರ್ಧರಿಸಬೇಕು. ರಸಸಾರ ತಟಸ್ಥವಿರುವ ಮಣ್ಣಿಗೆ ಹೆಕ್ಟೇರಿಗೆ 200ರಿಂದ 250 ಕಿಲೋ ಸುಣ್ಣ, ಎಂದರೆ ಗುಂಟೆಗೆ 2ರಿಂದ 2.5 ಕಿಲೋ ಸಾಕು.

ಎರಡು, ಎರೆ ಮಣ್ಣಿನ ಕಣ ಬಹಳ ನುಣುಪು. ಮಳೆನೀರಿನೊಂದಿಗೆ ಹೊಂಡಕ್ಕೆ ಇಳಿದರೆ ದಿನಗಟ್ಟಲೆ ತಿಳಿಯಾಗುವುದಿಲ್ಲ. ರಾಡಿ ನೀರಿನೊಳಗೆ ಬಿಸಿಲು ಇಳಿಯದು, ಬಿಸಿಲಿಲ್ಲದೆ ಹಸಿರು ಕಣ ಹುಟ್ಟದು, ಹಸಿರಿಲ್ಲದೆ ನೀರುಹುಳು ಬೆಳೆಯದು. ಮೊಣಕೈವರೆಗೆ ತೋಳನ್ನು ನೀರಿಗೆ ಇಳಿಸಿ ನೋಡಿರಿ. ಅಂಗೈ ಕಾಣದಿದ್ದು, ನೀರಿನ ಬಣ್ಣ ಹಸಿರಾಗಿರದೆ ಮಣ್ಣಿನಂತಿದ್ದರೆ ಆ ನೀರು ಎಳೆಮರಿಗೆ ಇನ್ನೂ ತಯಾರಿಲ್ಲ. ಹೊಂಡದ ಸುತ್ತ ಒಡ್ಡು ಹಾಕಿ ರಾಡಿ ನೀರನ್ನು ತಡೆಯುವುದು ಮೊದಲ ಉಪಾಯ. ಸಗಣಿ ಗೊಬ್ಬರ ಹಾಕುವುದರಿಂದಲೂ, ಜಿಪ್ಸಂ ಬಳಸುವುದರಿಂದಲೂ ಮಣ್ಣಿನ ಕಣ ಕೂಡಿಕೊಂಡು ತಳಕ್ಕೆ ಇಳಿಯುತ್ತದೆ.

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ರಾಡಿಯ ಕಾಟ ಕಡಿಮೆ. ಆದರೆ ಅಲ್ಲಿ ಮಣ್ಣಿನ ಸಾರವೂ ಇಲ್ಲ. ಆದುದರಿಂದ ಅಲ್ಲಿ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಕೊಡಬೇಕಾಗುತ್ತದೆ. ಎಳೆಮರಿ ಸಾಕಲು ಒಂದರಿಂದ ಒಂದೂವರೆ ಮೀಟರ್ ನೀರು ಸಾಕು. ಮೂರು ಮೀಟರ್ ಆಳದ ಹೊಂಡವನ್ನು ಪೂರ್ತಿ ತುಂಬಿಸಿ ಎಳೆಮರಿ ಬಿಟ್ಟರೆ ಮೇವು ತೆಳುವಾಗಿ ಚದುರಿಹೋಗುತ್ತದೆ.

ಹೊಂಡದ ಸಿದ್ಧತೆ

ಬೇಸಿಗೆಯಲ್ಲಿ ಹೊಂಡ ಬತ್ತಿ, ತಳ ಬಿರುಕು ಬಿಡುವಂತೆ ಒಣಗಿದರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಮೀನು, ಕಪ್ಪೆ, ಹುಳುಗಳೆಲ್ಲ ಅದರಿಂದಲೇ ನಾಶವಾಗುತ್ತವೆ. ಬತ್ತದ ಹೊಂಡವಾದರೆ ಕಳೆಮೀನು ಕೊಲ್ಲಲು ಹಿಪ್ಪೆ ಹಿಂಡಿಯನ್ನು ಬಳಸುವುದು ವಾಡಿಕೆ. ಒಂದು ಮೀಟರ್ ನೀರಿರುವ ಹೊಂಡಕ್ಕೆ ಹೆಕ್ಟೇರಿಗೆ 2,500 ಕಿಲೋ, ಗುಂಟೆಗೆ 25 ಕಿಲೋ ಬೇಕು. ಅದರ ವಿಷ ಇಳಿಯಲು ಎರಡರಿಂದ ಮೂರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮರಿ ಬಿಡಕೂಡದು. ವಿಷ ಇಳಿದ ಮೇಲೆ ಅದೇ ಹಿಂಡಿ ಗೊಬ್ಬರವೂ ಆಗುವುದರಿಂದ ಬೇರೆ ಗೊಬ್ಬರವನ್ನು ಕಡಿಮೆ ಮಾಡಬಹುದು.

ಹೊಂಡಕ್ಕೆ ನೀರು ತುಂಬುವಾಗ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಹಳ್ಳದ ಕಳೆಮೀನಿನ ಮೊಟ್ಟೆ ಮರಿಗಳು ನೀರಿನ ಜೊತೆ ಬರುವುದನ್ನು ಇದು ತಪ್ಪಿಸುತ್ತದೆ.

ನೀರುಹುಳು ಬೆಳೆಯಲು ಎರಡು ವಿಧಾನಗಳಿವೆ.

ಮೊದಲನೆಯದು ಬರೀ ಸಗಣಿಯ ವಿಧಾನ. ಮರಿ ಬಿಡುವುದಕ್ಕೆ 10ರಿಂದ 15 ದಿನ ಮೊದಲು ಗುಂಟೆಗೆ 50 ಕಿಲೋ ಹಸಿ ಸಗಣಿಯನ್ನು ನೀರಿನಲ್ಲಿ ಕದಡಿ ಹೊಂಡದ ತುಂಬ ಚೆಲ್ಲಬೇಕು. ಖರ್ಚು ಕಡಿಮೆ. ಆದರೆ ಕಾಯುವ ದಿನ ಹೆಚ್ಚಾದುದರಿಂದ ಹೊಂಡದಲ್ಲಿ ವೈರಿ ಹುಳುಗಳೂ ಸೇರಿಕೊಳ್ಳುತ್ತವೆ.

ಎರಡನೆಯದು ಹಿಂಡಿಯ ವಿಧಾನ. ಹೆಕ್ಟೇರಿಗೆ ಶೇಂಗಾ ಹಿಂಡಿ 750 ಕಿಲೋ, ಸಗಣಿ 200 ಕಿಲೋ, ಸಿಂಗಲ್ ಸೂಪರ್ ಫಾಸ್ಫೇಟ್ 50 ಕಿಲೋ ಎಂಬುದು ಶಿಫಾರಸು. ಗುಂಟೆಯ ಲೆಕ್ಕದಲ್ಲಿ ಹಿಂಡಿ ಏಳೂವರೆ ಕಿಲೋ, ಸಗಣಿ 2 ಕಿಲೋ, ಸೂಪರ್ ಅರ್ಧ ಕಿಲೋ. ಇದರಲ್ಲಿ ಅರ್ಧವನ್ನು ನೀರಿನಲ್ಲಿ ನೆನೆಸಿ, ಅಂಬಲಿಯಂತೆ ಕಲಸಿ, ಮರಿ ಬಿಡುವುದಕ್ಕೆ ಎರಡು ಮೂರು ದಿನ ಮೊದಲು ಹೊಂಡಕ್ಕೆ ಹಾಕಬೇಕು. ಉಳಿದ ಅರ್ಧವನ್ನು ಮರಿ ಬಿಟ್ಟ ಮೇಲೆ ಎರಡು ಮೂರು ಕಂತುಗಳಲ್ಲಿ ಕೊಡಬೇಕು. ರೋಟಿಫರ್ ಏಳುವ ಹೊತ್ತಿಗೆ ಸರಿಯಾಗಿ ಮರಿ ಹೊಂಡಕ್ಕೆ ಇಳಿಯುವುದು ಇದರ ಗುಣ. ಬೂಷ್ಟು ಹಿಡಿದ ಹಿಂಡಿ ಅಗ್ಗಕ್ಕೆ ಸಿಕ್ಕಿತೆಂದು ತರಬಾರದು.

ಹೆಪ್ಪಿನ ತೊಟ್ಟಿ

ಹಾಲಿಗೆ ಹೆಪ್ಪು ಹಾಕದೆ ಮೊಸರು ಬಯಸುವ ಗೃಹಿಣಿ ಯಾರೂ ಇಲ್ಲ. ಹೊಂಡಕ್ಕೂ ಹೆಪ್ಪು ಬೇಕು. ಹಳೆಯ ಹೊಂಡದ ಮಣ್ಣಿನಲ್ಲಿ ಮೊಯ್ನಾದ ಮೊಟ್ಟೆಗಳು ಹುದುಗಿರುತ್ತವೆ. ಹೊಟ್ಟೆ ತುಂಬ ಆಹಾರವಿದ್ದಾಗ ಮೊಯ್ನಾದಲ್ಲಿ ಎಲ್ಲವೂ ಹೆಣ್ಣೇ. ಗಂಡಿನ ಹಂಗಿಲ್ಲದೆ ನಾಲ್ಕೈದು ದಿನದ ಪ್ರಾಯಕ್ಕೇ ಮರಿ ಹಾಕತೊಡಗುತ್ತವೆ. ನೀರು ಬತ್ತುವ, ಆಹಾರ ಮುಗಿಯುವ ಕಾಲ ಬಂದರೆ ಗಂಡುಗಳೂ ಹುಟ್ಟಿ, ಕೂಡಿ, ಗಟ್ಟಿ ಚಿಪ್ಪಿನ ಮೊಟ್ಟೆ ಇಟ್ಟು ಸಾಯುತ್ತವೆ. ಕಡಲ ಮೀನಿನವರ ಆರ್ಟೀಮಿಯಾದಂತೆಯೇ ಈ ಮೊಟ್ಟೆಯೂ ಒಣ ಮಣ್ಣಿನಲ್ಲಿ ಮುಂದಿನ ಮಳೆಗೆ ಕಾದಿರುತ್ತದೆ. ಹೊಸದಾಗಿ ತೋಡಿದ ಹೊಂಡದಲ್ಲಿ, ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಈ ಬಂಡವಾಳ ಇರುವುದಿಲ್ಲ. ಅಂಥ ಕಡೆ ಹೊರಗಿನಿಂದ ಹೆಪ್ಪು ತರಬೇಕು.

ಇದಕ್ಕಾಗಿ ದನ ಕುಡಿಯುವ ತೊಟ್ಟಿಯಷ್ಟು ದೊಡ್ಡ ಸಿಮೆಂಟು ತೊಟ್ಟಿ ಅಥವಾ ಎರಡು ಮೂರು ಪ್ಲಾಸ್ಟಿಕ್ ಡ್ರಮ್ ಸಾಕು. ಹೊಸ ಸಿಮೆಂಟು ತೊಟ್ಟಿಯಾದರೆ ಹಲವು ಸಲ ನೀರು ತುಂಬಿ, ಖಾಲಿ ಮಾಡಿ, ಸುಣ್ಣದ ಖಾರ ಹೋಗಿಸಬೇಕು. ಔಷಧ ಸಿಂಪಡಿಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಬಳಸಬೇಡಿರಿ. ಬೆಳೆಗೆ ಹೊಡೆಯುವ ಕೀಟನಾಶಕದ ಒಂದು ತೊಟ್ಟು ಉಳಿದಿದ್ದರೂ ನೀರಿನ ಚಿಗಟ ನಿರ್ನಾಮವಾಗುತ್ತದೆ.

ತೊಟ್ಟಿಗೆ ಬಾವಿಯ ನೀರು ತುಂಬಿ, ಸಗಣಿ ಮತ್ತು ನೆನೆಸಿದ ಶೇಂಗಾ ಹಿಂಡಿಯ ತಿಳಿಯನ್ನು ನೀರಿಗೆ ಮಂದ ಚಹಾದ ಬಣ್ಣ ಬರುವಷ್ಟೇ ಸೇರಿಸಿರಿ. ಎರಡು ಮೂರು ದಿನ ಬಿಸಿಲಿಗೆ ಬಿಟ್ಟು ದಿನಕ್ಕೆರಡು ಸಲ ಕೋಲಿನಿಂದ ಕದಡಿರಿ. ಆಮೇಲೆ ಊರ ಕೆರೆಯಿಂದಲೋ ಹಳೆಯ ಹೊಂಡದಿಂದಲೋ ಒಂದೆರಡು ಕೊಡ ನೀರನ್ನು ಮೊದಲು ಸಣ್ಣ ಜರಡಿಯಲ್ಲಿ, ಆಮೇಲೆ ದಟ್ಟ ನೇಯ್ಗೆಯ ಧೋತರದಲ್ಲಿ ಸೋಸಿರಿ. ಜರಡಿಯಲ್ಲಿ ನಿಂತ ದೊಡ್ಡ ಹುಳುಗಳನ್ನು ಚೆಲ್ಲಿ, ಧೋತರದಲ್ಲಿ ಉಳಿದ ಮಿಸುಕಾಡುವ ರಾಶಿಯನ್ನು ತೊಟ್ಟಿಗೆ ಬಿಡಿರಿ. ಒಂದು ವಾರದೊಳಗೆ ತೊಟ್ಟಿಯ ನೀರಿನಲ್ಲಿ ಮೋಡ ಕವಿದಂತೆ ಮೊಯ್ನಾ ತುಂಬಿಕೊಳ್ಳುತ್ತದೆ. ಹೊಂಡಕ್ಕೆ ಗೊಬ್ಬರ ಹಾಕಿದ ಮರುದಿನ ಇದರಲ್ಲಿ ಮುಕ್ಕಾಲು ಭಾಗವನ್ನು ಹೊಂಡಕ್ಕೆ ಸುರಿದು, ಕಾಲು ಭಾಗವನ್ನು ಮುಂದಿನ ಹೆಪ್ಪಿಗೆ ಉಳಿಸಿಕೊಳ್ಳಿರಿ.

ತೊಟ್ಟಿ ನಾರತೊಡಗಿದರೆ ಗೊಬ್ಬರ ಹೆಚ್ಚಾಯಿತೆಂದು ತಿಳಿಯಬೇಕು. ಅರ್ಧ ನೀರು ಚೆಲ್ಲಿ ಹೊಸ ನೀರು ತುಂಬಬೇಕು. ಕಡಿಮೆ ಹಾಕಿದರೆ ಬೆಳೆ ಎರಡು ದಿನ ತಡವಾದೀತು. ಹೆಚ್ಚು ಹಾಕಿದರೆ ಬೆಳೆಯೇ ಸತ್ತೀತು. ತೊಟ್ಟಿಯ ಬಾಯಿಗೆ ತೆಳು ಬಟ್ಟೆ ಕಟ್ಟುವುದನ್ನು ಮರೆಯಬಾರದು. ಇಲ್ಲವಾದರೆ ಮೀನಿನ ಮೇವಿನ ಜೊತೆಗೆ ಸೊಳ್ಳೆಯನ್ನೂ ಬೆಳೆಸಿ ಊರಿಗೆ ಡೆಂಗೀ ಹಂಚಿದಂತಾಗುತ್ತದೆ.

ಅಳೆದು ನೋಡಿ ಮರಿ ಬಿಡಿರಿ

ಮರಿ ತರುವ ಮುಂಚಿನ ದಿನ ಹೊಂಡದ ನಾಲ್ಕೈದು ಕಡೆಯಿಂದ ಒಟ್ಟು 50 ಲೀಟರ್ ನೀರು ಎತ್ತಿ, ಸಣ್ಣ ಕಣ್ಣಿನ ಪ್ಲವಕ ಬಲೆಯಲ್ಲಿ ಸೋಸಬೇಕು. ಬಲೆಯ ತುದಿಯಲ್ಲಿ ಉಳಿದದ್ದನ್ನು ಗೆರೆ ಹಾಕಿದ ಗಾಜಿನ ನಳಿಗೆಗೆ ಇಳಿಸಿ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದರೆ ಹುಳುಗಳು ಸತ್ತು ತಳಕ್ಕೆ ಕೂರುತ್ತವೆ. ತಳದಲ್ಲಿ ಒಂದರಿಂದ ಎರಡು ಮಿಲಿಲೀಟರ್ ನಿಂತರೆ ಹೊಂಡ ಸಿದ್ಧ. ಅದಕ್ಕಿಂತ ಕಡಿಮೆ ಇದ್ದರೆ ಮರಿ ತರುವುದನ್ನು ಎರಡು ದಿನ ಮುಂದೂಡಿರಿ. ಔಷಧದ ಬಾಟಲಿಯ ಜೊತೆ ಬರುವ ಅಳತೆಯ ಕೊಳವೆಯಿದ್ದರೂ ಈ ಕೆಲಸ ನಡೆದೀತು. ತಳದಲ್ಲಿ ಕುಳಿತದ್ದು ಹುಳುವೋ ಮಣ್ಣೋ ಎಂಬುದನ್ನು ಉಪ್ಪು ಹಾಕುವ ಮೊದಲೇ ಬಿಸಿಲಿಗೆ ಹಿಡಿದು ನೋಡಿಕೊಳ್ಳಬೇಕು. ಮಣ್ಣು ಕುಪ್ಪಳಿಸುವುದಿಲ್ಲ.

ಅದೇ ದಿನ ಇನ್ನೊಂದು ಕೆಲಸವಿದೆ. ಗೊಬ್ಬರದ ನೀರಿಗೆ ಬೆನ್ನಡಿಯಾಗಿ ಈಜುವ ಹುಳು, ನೀರುಜೀರುಂಡೆ, ಕೊಡತಿಹುಳುವಿನ ಮರಿ ಮೊದಲಾದವು ಬಂದು ಸೇರಿರುತ್ತವೆ. ಇವು ಮೀನುಮರಿಯನ್ನು ಹಿಡಿದು ರಸ ಹೀರುತ್ತವೆ, ಮರಿಗಾಗಿ ಬೆಳೆದ ಮೇವನ್ನೂ ತಿನ್ನುತ್ತವೆ. ಇದಕ್ಕೆ ಸಾಬೂನು ಎಣ್ಣೆಯ ಮಿಶ್ರಣವೇ ಪರಿಹಾರ. ಹೆಕ್ಟೇರಿಗೆ 18 ಕಿಲೋ ಸಾಬೂನು, 56 ಕಿಲೋ ಅಗ್ಗದ ಅಡುಗೆ ಎಣ್ಣೆ. ಗುಂಟೆಗೆ 180 ಗ್ರಾಂ ಸಾಬೂನು, ಅರ್ಧ ಕಿಲೋಗಿಂತ ತುಸು ಹೆಚ್ಚು ಎಣ್ಣೆ. ಸಾಬೂನನ್ನು ಬಿಸಿ ನೀರಿನಲ್ಲಿ ಕರಗಿಸಿ, ಎಣ್ಣೆ ಸೇರಿಸಿ ಚೆನ್ನಾಗಿ ಕಡೆದು, ಗಾಳಿ ಇಲ್ಲದ ಹೊತ್ತಿನಲ್ಲಿ ನೀರಿನ ಮೇಲೆಲ್ಲ ಚಿಮುಕಿಸಬೇಕು. ಉಸಿರಾಡಲು ಮೇಲೆ ಬರುವ ಹುಳುಗಳು ಎಣ್ಣೆಯ ಪದರಕ್ಕೆ ಸಿಕ್ಕಿ ಸಾಯುತ್ತವೆ. ಗಾಳಿ ಬೀಸುತ್ತಿದ್ದರೆ ಎಣ್ಣೆಯೆಲ್ಲ ಒಂದು ದಂಡೆಗೆ ಸರಿದು ಶ್ರಮ ವ್ಯರ್ಥ. ಇದನ್ನು ಮಾಡಿದ 12ರಿಂದ 24 ಗಂಟೆಯ ಮೇಲೆ ಮರಿ ಬಿಡಬೇಕು.

ಗುಂಟೆಗೆ 30ರಿಂದ 50 ಸಾವಿರ ಎಳೆಮರಿ ಬಿಡಬಹುದೆಂದು ಶಿಫಾರಸು ಇದೆ. ಮೊದಲ ಸಲ ಮಾಡುವವರು 20 ಸಾವಿರಕ್ಕೆ ನಿಲ್ಲಿಸುವುದು ಕ್ಷೇಮ. ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಚೀಲವನ್ನು ಬಿಚ್ಚದೆ 15ರಿಂದ 20 ನಿಮಿಷ ಹೊಂಡದ ನೀರಿನ ಮೇಲೆ ತೇಲಿಬಿಟ್ಟು, ಅನಂತರ ಬಾಯಿ ಬಿಚ್ಚಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬೆರೆಸಬೇಕು. ಮರಿಗಳು ತಾವಾಗಿಯೇ ಈಜಿ ಹೊರಬರಲಿ.

ಕೈತಿಂಡಿಯ ಲೆಕ್ಕ

ಎಷ್ಟೇ ನೀರುಹುಳು ಇದ್ದರೂ ಸಾವಿರಾರು ಬಾಯಿಗಳು ಕೆಲವು ದಿನಗಳಲ್ಲಿ ಅದನ್ನು ಖಾಲಿ ಮಾಡುತ್ತವೆ. ಆದುದರಿಂದ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮನಾಗಿ ಬೆರೆಸಿ, ನುಣ್ಣಗೆ ಪುಡಿ ಮಾಡಿ ಚೆಲ್ಲಬೇಕು. ಒಂದು ಲಕ್ಷ ಮರಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಅನಂತರ ದಿನಕ್ಕೆ 1,200 ಗ್ರಾಂ. 20 ಸಾವಿರ ಮರಿಯಾದರೆ ಮೊದಲು 120 ಗ್ರಾಂ, ಆಮೇಲೆ 240 ಗ್ರಾಂ. ಇದು ಜೀವಂತ ಮೇವಿನ ಜೊತೆಗೆ ಕೊಡುವ ಕೈತಿಂಡಿ. ಹೊಂಡದಲ್ಲಿ ಹುಳುವೇ ಇಲ್ಲದಾಗ ಬರೀ ಹಿಂಡಿ ತೌಡಿನಿಂದ ಎಳೆಮರಿಗಳನ್ನು ಬದುಕಿಸುವೆನೆಂದರೆ ಆಗದ ಮಾತು. ಬಾಣಂತಿಯ ಹಾಲಿಲ್ಲದ ಕೂಸಿಗೆ ಕಡಕ್ ರೊಟ್ಟಿ ಕೊಟ್ಟಂತೆ.

ಬೆಳಗಿನ ಜಾವ ಮರಿಗಳು ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಪ್ರಾಣವಾಯು ಸಾಲದಾಗಿದೆ ಎಂದರ್ಥ. ಆ ದಿನ ಗೊಬ್ಬರ, ತಿಂಡಿ ಎರಡನ್ನೂ ನಿಲ್ಲಿಸಿ ಹೊಸ ನೀರನ್ನು ಎತ್ತರದಿಂದ ಬೀಳುವಂತೆ ಹರಿಸಬೇಕು. ಮೋಡ ಮುಚ್ಚಿದ ದಿನಗಳಲ್ಲಿ ಗೊಬ್ಬರದ ಕಂತನ್ನು ಮುಂದಕ್ಕೆ ಹಾಕುವುದೇ ಒಳ್ಳೆಯದು.

ಹೀಗೆ 15ರಿಂದ 20 ದಿನ ನೋಡಿಕೊಂಡರೆ ಮರಿ 20ರಿಂದ 25 ಮಿಲಿಮೀಟರ್, ಎಂದರೆ ಸುಮಾರು ಒಂದು ಅಂಗುಲ ಬೆಳೆಯುತ್ತದೆ. ಎಚ್ಚರಿಕೆಯಿಂದ ಸಾಕಿದವರಿಗೆ ನೂರಕ್ಕೆ 40 ಅಥವಾ ಅದಕ್ಕೂ ಹೆಚ್ಚು ಮರಿ ಕೈಗೆ ಸಿಗಬಹುದು. 20 ಸಾವಿರಕ್ಕೆ 8 ಸಾವಿರ. ಉಳಿದ 12 ಸಾವಿರ ಸತ್ತವಲ್ಲ ಎಂದು ಮರುಗಬೇಕಿಲ್ಲ. ನದಿಯಲ್ಲಿ ಹುಟ್ಟಿದ್ದರೆ ನೂರಕ್ಕೆ ಒಂದೂ ಉಳಿಯುವುದು ಕಷ್ಟವಿತ್ತು.

ಕೊರ್ರಮೀನಿನ ಆಸೆ

ತೆಲಂಗಾಣದವರು ಕೊರ್ರಮೀನು ಎನ್ನುವ, ಮರಾಠಿಯಲ್ಲಿ ಮರಳ ಎನ್ನುವ ಹಾವಿನ ತಲೆಯ ಮೀನಿಗೆ ಬೆಲೆ ಹೆಚ್ಚು. ತೆಲಂಗಾಣ ಇದನ್ನೇ ತನ್ನ ರಾಜ್ಯದ ಮೀನೆಂದು ಸಾರಿದೆ. ಮೃಗಶಿರದ ದಿನ ಹೈದರಾಬಾದಿನಲ್ಲಿ ದಮ್ಮಿನ ರೋಗಿಗಳಿಗೆ ನುಂಗಿಸುವ ಮೀನುಮರಿಯೂ ಇದೇ. ಗಾಳಿಯನ್ನೇ ನೇರವಾಗಿ ಉಸಿರಾಡುವುದರಿಂದ ಕಡಿಮೆ ನೀರಿನಲ್ಲೂ ಬದುಕುತ್ತದೆ ಎಂದು ಹಲವರು ಇದರ ಕಡೆ ಆಸೆಯಿಂದ ನೋಡುತ್ತಾರೆ.

ಆದರೆ ಊಟದ ವಿಷಯದಲ್ಲಿ ಇದು ನಮ್ಮ ಸಿಹಿನೀರಿನ ಕಡಲ ಕುದುರೆ. ಮರಿಯಾಗಿದ್ದಾಗ ಜೀವಂತ ನೀರುಹುಳುಗಳೇ ಬೇಕು, ಬೆಳೆದ ಮೇಲೆ ಮೀನು, ಕಪ್ಪೆ, ಹುಳ ಬೇಕು. ಹೊಟ್ಟೆ ತುಂಬದಿದ್ದರೆ ದೊಡ್ಡ ಮರಿ ಸಣ್ಣ ಮರಿಯನ್ನು ನುಂಗುತ್ತದೆ. ಸಿದ್ಧ ಆಹಾರಕ್ಕೆ ಇದನ್ನು ಒಗ್ಗಿಸಬಹುದು. ಆದರೆ ಅದು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ, ಗಾತ್ರಕ್ಕೆ ತಕ್ಕಂತೆ ಮರಿಗಳನ್ನು ಬೇರ್ಪಡಿಸುತ್ತಾ ಮಾಡುವ ತಾಳ್ಮೆಯ ಕೆಲಸ. ಗೆಂಡೆ ಜಾತಿಯ ಮರಿಗಳಲ್ಲಿ ಎರಡು ಹಂಗಾಮು ಕೈಪಳಗಿಸಿಕೊಂಡು, ಹೆಪ್ಪಿನ ತೊಟ್ಟಿಯನ್ನು ವರ್ಷವಿಡೀ ನಡೆಸಬಲ್ಲೆನೆಂಬ ಧೈರ್ಯ ಬಂದ ಮೇಲೆ ಇದಕ್ಕೆ ಕೈಹಾಕಬೇಕು. ಗೆಂಡೆ ಮೀನಿರುವ ಹೊಂಡಕ್ಕೆ ಇದನ್ನು ಬಿಟ್ಟರಂತೂ ಕುರಿದೊಡ್ಡಿಗೆ ತೋಳ ಬಿಟ್ಟಂತೆ.

ಯಾರಿಗೆ ಲಾಭ?

ಎಳೆಮರಿ ಸಾಕುವುದು ಎಲ್ಲರಿಗೂ ಬೇಕಾದ ಕೆಲಸವಲ್ಲ. ಒಂದೇ ಹೊಂಡವಿದ್ದು, ಮನೆಯ ಊಟಕ್ಕೆ ಮತ್ತು ವಾರದ ಸಂತೆಗೆ ನಾಲ್ಕು ಮೀನು ಸಿಕ್ಕರೆ ಸಾಕು ಎನ್ನುವವರು ಬೆರಳುದ್ದದ ಬಲಿತ ಮರಿಗಳನ್ನೇ ಕೊಂಡು, ಗುಂಟೆಗೆ 50ರಿಂದ 100ರಂತೆ ಬಿಡುವುದು ಮೇಲು. ಅವು ಮೊದಲ ಗಂಡಾಂತರ ದಾಟಿ ಬಂದಿರುತ್ತವೆ. ಆದರೂ ಹೊಂಡದಲ್ಲಿ ನೀರುಹುಳು ಚೆನ್ನಾಗಿದ್ದರೆ ತಿಂಡಿಯ ಖರ್ಚು ಉಳಿಯುತ್ತದೆ. ಕಾಟ್ಲಾ ದೊಡ್ಡದಾದ ಮೇಲೂ ಮುಖ್ಯವಾಗಿ ನೀರುಹುಳುಗಳನ್ನೇ ಅವಲಂಬಿಸುವ ಮೀನು.

ಊರಿನಲ್ಲಿ ಐದಾರು ಹೊಂಡಗಳಿದ್ದು, ನಾಲ್ಕು ಜನ ರೈತರೋ ಒಂದು ಮಹಿಳಾ ಸ್ವಸಹಾಯ ಸಂಘವೋ ಕೂಡಿ ಒಂದು ಸಣ್ಣ ಹೊಂಡವನ್ನು ಮರಿ ಬೆಳೆಸಲು ಮೀಸಲಿಟ್ಟರೆ ಆಗ ಇದರಲ್ಲಿ ಹುರುಳಿದೆ. ಒಂದು ಹೊಂಡ ಸಾಕಿದ ಮರಿ ಉಳಿದೆಲ್ಲ ಹೊಂಡಗಳಿಗೆ ಸಾಲುತ್ತದೆ. ಒಂದು ತಂಡ ಮುಗಿದ ಮೇಲೆ ಅದೇ ಹಂಗಾಮಿನಲ್ಲಿ ಇನ್ನೊಂದು ತಂಡ ತೆಗೆಯಲೂ ಅವಕಾಶವಿದೆ. ಹೆಚ್ಚಿನ ಮರಿಯನ್ನು ನೆರೆಯ ಊರಿಗೆ ಮಾರಬಹುದು.

ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಗೆಂಡೆ ಮರಿಗಳನ್ನು ಹೊಳೆಯ ಪ್ರವಾಹದಲ್ಲಿ ಬಲೆಯೊಡ್ಡಿ ಹಿಡಿಯಬೇಕಾಗಿತ್ತು. ಬೇಕಾದದ್ದು, ಬೇಡವಾದದ್ದು ಎಲ್ಲ ಬೆರೆತು ಬರುತ್ತಿತ್ತು. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಒಡಿಶಾದಲ್ಲಿ ಮೀನಿನ ಮೆದುಳಿನ ಕೆಳಗಿರುವ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಮೀನು ಮೊಟ್ಟೆ ಇಡುವಂತೆ ಮಾಡಿದರು. ಆ ದಿನವನ್ನೇ ಇಂದು ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತಿದೆ. ಅಂದಿನಿಂದ ಬೇಕಾದ ಜಾತಿಯ ಮರಿ ಬೇಕಾದಷ್ಟು ಹುಟ್ಟಿಸುವುದು ಸಾಧ್ಯವಾಯಿತು. ಹುಟ್ಟಿದ ಮರಿಯನ್ನು ಉಳಿಸಿಕೊಳ್ಳುವ ಕೆಲಸ ಇಂದಿಗೂ ಹೊಂಡದ ಮಾಲೀಕನದೇ.

ಒಂದು ಗುಂಟೆಯ ಪಂಚಾಂಗ

ಮರಿ ಸಿಗುವ ದಿನವನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಿರಿ. ಗೆಂಡೆ ಮರಿಗಳು ಹೆಚ್ಚಾಗಿ ದೊರೆಯುವುದು ಮುಂಗಾರಿನಲ್ಲಿ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲ ಅನುಕೂಲ.

ಬೇಸಿಗೆ: ಹೊಂಡ ಒಣಗಿಸಿ, ಒಡ್ಡು ಸರಿಪಡಿಸಿ, ಸುತ್ತ ಬೇಲಿ ಹಾಕುವುದು. ಮಕ್ಕಳು, ದನಕರು ಕಾಲು ಜಾರಿ ಬೀಳದಂತೆ ಬೇಲಿ ಅವಶ್ಯ.

15 ದಿನ ಮೊದಲು: ಹೆಪ್ಪಿನ ತೊಟ್ಟಿ ಆರಂಭ. ಮಣ್ಣು ಪರೀಕ್ಷೆಯಂತೆ ಹೊಂಡಕ್ಕೆ ಸುಣ್ಣ.

6 ದಿನ ಮೊದಲು: ಬಲೆ ಕಟ್ಟಿ ಒಂದು ಮೀಟರ್ ನೀರು ತುಂಬುವುದು.

3 ದಿನ ಮೊದಲು: ಹಿಂಡಿ ಮುಕ್ಕಾಲು ಕಡಿಮೆ ನಾಲ್ಕೂವರೆ, ಎಂದರೆ 3.75 ಕಿಲೋ, ಸಗಣಿ 1 ಕಿಲೋ, ಸೂಪರ್ 250 ಗ್ರಾಂ ಕದಡಿ ಹಾಕುವುದು.

2 ದಿನ ಮೊದಲು: ತೊಟ್ಟಿಯ ಹೆಪ್ಪನ್ನು ಹೊಂಡಕ್ಕೆ ಬಿಡುವುದು.

1 ದಿನ ಮೊದಲು: 50 ಲೀಟರ್ ಸೋಸಿ ಮೇವು ಅಳೆಯುವುದು. ಸಾಲುವಷ್ಟಿದ್ದರೆ ಸಾಬೂನು ಎಣ್ಣೆ ಚಿಮುಕಿಸುವುದು. ಸಾಲದಿದ್ದರೆ ಮರಿ ತರುವ ದಿನ ಮುಂದೂಡುವುದು.

ಮರಿ ಬಿಟ್ಟ ಮೇಲೆ: ನಿತ್ಯ ಕೈತಿಂಡಿ, ಉಳಿದ ಗೊಬ್ಬರ ಎರಡು ಮೂರು ಕಂತು, ಬೆಳಗಿನ ಜಾವ ಒಮ್ಮೆ ಹೊಂಡದ ಕಡೆ ನಡಿಗೆ.

ಮರಿಯ ಲಭ್ಯತೆ, ದರ, ಸರ್ಕಾರದ ಸಹಾಯಧನ ಇವುಗಳ ವಿವರವನ್ನು ಆಯಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ಮಣ್ಣು, ನೀರಿನ ಪರೀಕ್ಷೆಗೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಪಡೆಯಬಹುದು. ಹೋಗುವಾಗ ಒಂದು ಗಾಜಿನ ಬಾಟಲಿಯಲ್ಲಿ ನಿಮ್ಮ ಹೊಂಡದ ನೀರನ್ನೂ ಒಯ್ಯಿರಿ. ಮರಿಗೆ ಮುಂಗಡ ಕಟ್ಟುವ ಮೊದಲು ಆ ಬಾಟಲಿಯನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡುವುದು ನಿಮ್ಮ ಕೈಯಲ್ಲೇ ಇದೆ.